ಬೇರೆ ಡಿಗ್ರಿ ಓದಿದವರು ಸ್ಕೂಲ್ ಟೀಚರ್ ಆಗೋದು: ಬಾಗಿಲಲ್ಲಿ ಕೇಳೋದೇನು, ಕ್ಲಾಸಲ್ಲಿ ಬೇಕಾಗೋದೇನು

"ನಾನು ಓದಿದ್ದೇ ಬೇರೆ, ಟೀಚಿಂಗಿಗೂ ಅದಕ್ಕೂ ಸಂಬಂಧಾನೇ ಇಲ್ಲ, ಈಗ ಟೀಚರ್ ಆಗ್ಬೇಕು ಅನ್ಸ್ತಿದೆ, ಆಗುತ್ತಾ?" ಅಂತ ಎಷ್ಟು ಜನ ನನ್ನ ಹತ್ರ ಕೇಳಿದ್ದಾರೋ ಲೆಕ್ಕ ಇಲ್ಲ. ನಾನೂ ಒಂದು ಕಾಲದಲ್ಲಿ ಇದನ್ನೇ ಕೇಳ್ಕೊಂಡು ಓಡಾಡಿದವಳು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಒಂಬತ್ತು ವರ್ಷ ಮಷೀನ್ ಪಾರ್ಟ್‌ಗಳ ಡ್ರಾಯಿಂಗ್ ಮಾಡ್ಕೊಂಡಿದ್ದೆ, ಅದನ್ನ ಬಿಟ್ಟು ಬಂದು ಈಗ ಆರು ವರ್ಷದಿಂದ ಆರನೇ ಏಳನೇ ಕ್ಲಾಸಿಗೆ ಮ್ಯಾಥ್ಸ್ ಹೇಳ್ಕೊಡ್ತಿದ್ದೀನಿ. ಆಗುತ್ತೆ ಅನ್ನೋದು ಚಿಕ್ಕ ಉತ್ತರ. ಆದ್ರೆ ಆ ಒಂದು ಪ್ರಶ್ನೆ ಒಳಗೆ ಎರಡು ಬೇರೆ ಬೇರೆ ಪ್ರಶ್ನೆ ಸೇರ್ಕೊಂಡಿವೆ, ಅವೆರಡನ್ನ ಬಿಡಿಸಿ ನೋಡದೇ ಇದ್ರೆ ವರ್ಷಗಟ್ಟಲೆ ಸುಮ್ನೆ ಸುತ್ತಬೇಕಾಗುತ್ತೆ. ನಿಮ್ಮ ಕಾಗದಪತ್ರ ನೋಡಿ ಒಳಗೆ ಬಿಡ್ತಾರಾ ಅನ್ನೋದು ಒಂದು, ಒಳಗೆ ಹೋದ್ಮೇಲೆ ಮಕ್ಕಳಿಗೆ ಆ ವಿಷಯ ಹೇಳ್ಕೊಡೋಕೆ ಬರುತ್ತಾ ಅನ್ನೋದು ಇನ್ನೊಂದು. ಡಿಗ್ರಿ ಬೇರೆ ಅನ್ನೋದು ಮೊದಲನೆಯದರಲ್ಲಿ ನಿಜವಾದ ತೊಡಕು, ಎರಡನೆಯದರಲ್ಲಿ ನಾವಂದುಕೊಂಡಷ್ಟು ದೊಡ್ಡದಲ್ಲ. ಆದ್ರೆ ಎರಡನೆಯದರಲ್ಲಿ ಬೇರೆಯದೇ ಒಂದು ತೊಡಕಿದೆ, ಅದರ ಬಗ್ಗೆ ಮುಂಚೆ ಯಾರೂ ಹೇಳಲ್ಲ.

ಮೊದಲು ಕಾಗದದ ವಿಷಯ ನೋಡೋಣ.

ಯಾವ ದೇಶಕ್ಕೆ ಹೋದ್ರೂ ಸ್ಕೂಲ್ ಟೀಚರ್ ಆಗೋಕೆ ಹೆಚ್ಚೂ ಕಡಿಮೆ ಮೂರು ವಿಷಯ ನೋಡ್ತಾರೆ. ಯಾವ ವಿಷಯದ ಡಿಗ್ರಿ ಇದೆ, ಟೀಚಿಂಗ್ ಟ್ರೇನಿಂಗ್ ಆಗಿದೆಯಾ, ಆಮೇಲೆ ಒಂದು ಪರೀಕ್ಷೆನೋ ಲೈಸೆನ್ಸೋ ಇದೆಯಾ. ಈ ಮೂರರಲ್ಲಿ ಯಾವುದಕ್ಕೆ ಎಷ್ಟು ತೂಕ ಅನ್ನೋದು ಊರೂರಿಗೆ ಬೇರೆ. ಇಂಗ್ಲೆಂಡಲ್ಲಿ ಡಿಗ್ರಿ ಆದವರಿಗೆ ಸಾಮಾನ್ಯವಾಗಿ ಒಂದು ವರ್ಷದ ಟ್ರೇನಿಂಗ್, ಅದು ಮುಗಿದ್ರೆ ಕ್ಯೂಟಿಎಸ್ ಅನ್ನೋ ಅರ್ಹತೆ ಸಿಗುತ್ತೆ, ಅದಕ್ಕೆ ಸೇರೋಕೆ ಶಾಲಾ ಮಟ್ಟದ ಇಂಗ್ಲಿಷ್, ಮ್ಯಾಥ್ಸ್ ಎರಡರಲ್ಲೂ ಜಿಸಿಎಸ್‌ಇ (ನಮ್ಮ ಹತ್ತನೇ ಕ್ಲಾಸ್ ಪರೀಕ್ಷೆ ಥರದ್ದು) 4ನೇ ಗ್ರೇಡ್ ಮಟ್ಟ ಬೇಕು. ಫಿನ್‌ಲ್ಯಾಂಡಲ್ಲಿ ಚಿಕ್ಕ ಮಕ್ಕಳ ಕ್ಲಾಸ್ ಟೀಚರ್ ಆಗೋಕೂ ಮಾಸ್ಟರ್ಸ್ ಡಿಗ್ರಿ ಇರ್ಬೇಕು. ಅಮೆರಿಕದಲ್ಲಿ ಒಂದೊಂದು ರಾಜ್ಯದ್ದು ಒಂದೊಂದು ರೂಲು, ಸುಮಾರು ರಾಜ್ಯಗಳಲ್ಲಿ ಪ್ರಾಕ್ಸಿಸ್ ಅನ್ನೋ ಪರೀಕ್ಷೆ ಪಾಸಾಗಿ ವಿಷಯ ಗೊತ್ತಿದೆ ಅಂತ ತೋರಿಸ್ಬೇಕು. ಭಾರತದಲ್ಲಿ ಸಾಮಾನ್ಯವಾಗಿ ಡಿಗ್ರಿ, ಅದರ ಮೇಲೆ ಬಿ.ಎಡ್, ಎಂಟನೇ ಕ್ಲಾಸ್ ವರೆಗಿನ ಹುದ್ದೆಗಳಿಗೆ ಟಿಇಟಿ ಅನ್ನೋ ಶಿಕ್ಷಕರ ಅರ್ಹತಾ ಪರೀಕ್ಷೆ. ಜರ್ಮನಿಯಲ್ಲಿ ಇನ್ನೊಂದು ಥರ, ಅಲ್ಲಿ ಟೀಚರ್ ಅಂದ್ರೆ ಎರಡು ವಿಷಯ ಹೇಳ್ಕೊಡೋರು ಅನ್ನೋದು ಹಳೇ ಪದ್ಧತಿ, ಹಾಗಾಗಿ ಒಂದೇ ವಿಷಯ ಆಳವಾಗಿ ಓದಿರೋ ಇಂಜಿನಿಯರಿಗೆ "ಎರಡನೇದು ಯಾವುದು?" ಅನ್ನೋ ಪ್ರಶ್ನೆ ಎದುರಾಗುತ್ತೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದ್ರೆ, "ಟೀಚರ್ ಆಗೋಕೆ ಏನು ಬೇಕು" ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. "ಈ ಊರಲ್ಲಿ, ಈ ಥರದ ಸ್ಕೂಲಲ್ಲಿ, ಈ ಕ್ಲಾಸಿಗೆ, ಈ ವಿಷಯ ಹೇಳ್ಕೊಡೋಕೆ ಏನು ಬೇಕು" ಅಂತ ಕೇಳಿದ್ರೆ ಮಾತ್ರ ಉತ್ತರ ಸಿಗುತ್ತೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಕೋರ್ಸಿಂದ ಶುರು ಮಾಡ್ಬೇಡಿ, ಹುದ್ದೆಯಿಂದ ಶುರು ಮಾಡಿ. ನಿಮಗೆ ಬೇಕಾದ ಹುದ್ದೆಗೆ ಹಿಂದೆ ಬಂದಿರೋ ಜಾಹೀರಾತನ್ನ ಹುಡುಕಿ, ಅರ್ಹತೆ ಅನ್ನೋ ಪ್ಯಾರಾನ ನಿಧಾನಕ್ಕೆ ಎರಡು ಸಲ ಓದಿ, ಆಮೇಲೆ ಅಲ್ಲಿಂದ ಹಿಂದಕ್ಕೆ ಬನ್ನಿ: ಅದಕ್ಕೆ ಯಾವ ಸರ್ಟಿಫಿಕೇಟ್, ಆ ಸರ್ಟಿಫಿಕೇಟಿಗೆ ಯಾವ ಕೋರ್ಸ್, ಆ ಕೋರ್ಸಿಗೆ ಸೇರೋಕೆ ನನ್ನ ಡಿಗ್ರಿ ನಡೆಯುತ್ತಾ.

ನಾನು ಇದನ್ನ ಉಲ್ಟಾ ಮಾಡಿ ಒಂದು ವರ್ಷ ಕಳ್ಕೊಂಡೆ. ಕೆಲಸ ಬಿಡೋ ಮುಂಚೆ, ಮನೇಲಿದ್ದೇ ಓದಬಹುದು ಅಂತ ಒಂದು ಸಂಸ್ಥೆಯ ಟೀಚಿಂಗ್ ಡಿಪ್ಲೊಮಾಗೆ ದುಡ್ಡು ಕಟ್ಟಿದೆ. ಫೋನಲ್ಲಿ ಮಾತಾಡಿದವರು "ಮೇಡಂ, ಇದು ಎಲ್ಲಾ ಕಡೆ ನಡೆಯುತ್ತೆ" ಅಂದ್ರು, ನಾನು ನಂಬಿದೆ. ರಾತ್ರಿ ಹತ್ತರ ಮೇಲೆ ಕೂತು ಅಸೈನ್‌ಮೆಂಟ್ ಬರೆದು ಮುಗಿಸಿ, ಸರ್ಟಿಫಿಕೇಟ್ ಹಿಡ್ಕೊಂಡು ಮೊದಲ ಸ್ಕೂಲಿಗೆ ಹೋದ್ರೆ ಅಲ್ಲಿ ಆಫೀಸಿನವರು ಅದನ್ನ ತಿರುಗಿಸಿ ನೋಡಿ "ಇದು ನಮ್ಮ ಲಿಸ್ಟಲ್ಲಿ ಇಲ್ವಲ್ಲ" ಅಂತ ವಾಪಸ್ ಕೊಟ್ರು. ಅವರದ್ದೇನೂ ತಪ್ಪಿರಲಿಲ್ಲ. ಲೈಸೆನ್ಸ್ ಕೊಡೋ ಸಂಸ್ಥೆಯ ಪಟ್ಟಿಯಲ್ಲಿ ಆ ಕೋರ್ಸಿನ ಹೆಸರು ಇದೆಯಾ ಅಂತ ನೋಡೋಕೆ ನನಗೆ ಹತ್ತು ನಿಮಿಷ ಸಾಕಿತ್ತು. ಕೋರ್ಸ್ ಮಾರೋರನ್ನ ಕೇಳೋದಲ್ಲ, ಲೈಸೆನ್ಸ್ ಕೊಡೋರನ್ನ ಕೇಳ್ಬೇಕು, ಆಗ್ಲಿಲ್ಲಾಂದ್ರೆ ಕೆಲಸ ಕೊಡೋರನ್ನ ಕೇಳ್ಬೇಕು, ಅದೂ ಬರವಣಿಗೆಯಲ್ಲಿ ಉತ್ತರ ಬರೋ ಹಾಗೆ.

ಹುದ್ದೆಯಿಂದ ಶುರು ಮಾಡಿ ಅಂದೆನಲ್ಲ, ಅದರಲ್ಲಿ ಮೊದಲು ತೀರ್ಮಾನ ಆಗ್ಬೇಕಾದ್ದು ಮಕ್ಕಳ ವಯಸ್ಸು. ಇದನ್ನ ಜನ ಕೊನೆಗೆ ಬಿಡ್ತಾರೆ, ಆದ್ರೆ ಎಲ್ಲಾ ಇದರ ಮೇಲೇ ನಿಂತಿದೆ. ಚಿಕ್ಕ ಮಕ್ಕಳ ಟೀಚರ್ ಎಲ್ಲಾ ವಿಷಯನೂ ಹೇಳ್ಕೊಡ್ತಾರೆ, ಅಲ್ಲಿ ನಿಮ್ಮ ಡಿಗ್ರಿ ಯಾವ ವಿಷಯದ್ದು ಅನ್ನೋದಕ್ಕಿಂತ ಆ ವಯಸ್ಸಿನ ಮಕ್ಕಳಿಗೇ ಅಂತ ಇರೋ ಟ್ರೇನಿಂಗ್ ಆಗಿದೆಯಾ ಅನ್ನೋದು ಮುಖ್ಯ. ಓದು ಕಲಿಸೋದು ಅನ್ನೋದೇ ಒಂದು ದೊಡ್ಡ ವಿದ್ಯೆ. ಭಾರತದಲ್ಲಿ 2023ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯಕ್ಕೆ ತೀರ್ಪು ಕೊಡ್ತು, 1ರಿಂದ 5ನೇ ಕ್ಲಾಸಿನ ಹುದ್ದೆಗೆ ಬಿ.ಎಡ್ ಅರ್ಹತೆ ಅಲ್ಲ, ಅದಕ್ಕೆ ಪ್ರಾಥಮಿಕ ಶಿಕ್ಷಣದ್ದೇ ಡಿಪ್ಲೊಮಾ ಬೇಕು ಅಂತ. ಬಿ.ಎಡ್ ಇದ್ರೆ ಎಲ್ಲಾ ಬಾಗಿಲೂ ತೆಗೆಯುತ್ತೆ ಅಂದ್ಕೊಂಡಿದ್ದ ಎಷ್ಟೋ ಜನರಿಗೆ ಅದು ದೊಡ್ಡ ಪೆಟ್ಟು. ಮಕ್ಕಳು ದೊಡ್ಡವರಾದಷ್ಟೂ ವಿಷಯದ ಕಡೆ ಗಮನ ಜಾಸ್ತಿ ಆಗ್ತಾ ಹೋಗುತ್ತೆ, ಹತ್ತನೇ ಕ್ಲಾಸ್ ದಾಟಿದ ಮೇಲೆ ಹೆಚ್ಚಿನ ಕಡೆ ಅದೇ ವಿಷಯದ ಡಿಗ್ರಿ ಇಲ್ದೇ ನಡೆಯಲ್ಲ. ಹಾಗಾಗಿ ಬೇರೆ ಡಿಗ್ರಿಯವರಿಗೆ ಜಾಗ ಹೆಚ್ಚು ಸಿಗೋದು ಮಧ್ಯದಲ್ಲಿ, ಅಂದ್ರೆ ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಕ್ಲಾಸುಗಳಲ್ಲಿ ಅಂತ ನನ್ನ ಅನಿಸಿಕೆ.

ಈಗ "ನನ್ನ ಡಿಗ್ರಿ ಬೇರೆ" ಅನ್ನೋದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಡಿಗ್ರಿ ಸರ್ಟಿಫಿಕೇಟ್ ಮೇಲಿರೋ ಹೆಸರು ಒಂದು ಸಾಲು ಅಷ್ಟೇ, ಅದನ್ನ ಪಕ್ಕಕ್ಕಿಟ್ಟು ಎಲ್ಲಾ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಹರಡಿಕೊಂಡು ಕೂತ್ಕೊಳ್ಳಿ. ಒಂದು ಪೇಪರಲ್ಲಿ ಶಾಲೆಯ ವಿಷಯಗಳನ್ನ ಬರೀರಿ, ಮ್ಯಾಥ್ಸ್, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಕಂಪ್ಯೂಟರ್, ಎಕನಾಮಿಕ್ಸ್, ಹಿಸ್ಟರಿ, ಭಾಷೆ. ನೀವು ಓದಿದ ಒಂದೊಂದು ಪೇಪರನ್ನೂ ಇದರಲ್ಲಿ ಯಾವುದರ ಕೆಳಗೆ ಹಾಕಬಹುದು ನೋಡಿ. ನನ್ನ ಸರ್ಟಿಫಿಕೇಟಲ್ಲಿ ಮ್ಯಾಥ್ಸ್ ಅನ್ನೋ ಪದಾನೇ ಇಲ್ಲ, ಆದ್ರೆ ಮಾರ್ಕ್ಸ್ ಕಾರ್ಡಲ್ಲಿ ನಾಲ್ಕು ಸೆಮಿಸ್ಟರ್ ಮ್ಯಾಥ್ಸ್ ಇತ್ತು, ಮೆಕ್ಯಾನಿಕ್ಸು, ಥರ್ಮೋಡೈನಮಿಕ್ಸು ಅಂತ ಫಿಸಿಕ್ಸ್ ಕೆಳಗೆ ಹಾಕೋಕೆ ಐದಾರು ಪೇಪರ್ ಸಿಕ್ತು. ಫಾರ್ಮಸಿ ಓದಿದವರಿಗೆ ಕೆಮಿಸ್ಟ್ರಿ ಸಿಗುತ್ತೆ, ಅಗ್ರಿಕಲ್ಚರ್ ಓದಿದವರಿಗೆ ಬಯಾಲಜಿ, ಕಾಮರ್ಸ್ ಓದಿದವರಿಗೆ ಎಕನಾಮಿಕ್ಸು ಮತ್ತು ಸ್ಟ್ಯಾಟಿಸ್ಟಿಕ್ಸು, ಕಾನೂನು ಓದಿದವರಿಗೆ ಪೌರನೀತಿ, ಪತ್ರಿಕೋದ್ಯಮದವರಿಗೆ ಭಾಷೆ. ಪೂರ್ತಿ ಸಂಬಂಧ ಇಲ್ಲದ ಡಿಗ್ರಿ ಅನ್ನೋದು ನಿಜವಾಗ್ಲೂ ಅಪರೂಪ.

ಇದು ಸಮಾಧಾನಕ್ಕೆ ಹೇಳ್ತಿರೋ ಮಾತಲ್ಲ, ರೂಲುಗಳೂ ಹೀಗೇ ಲೆಕ್ಕ ಹಾಕ್ತವೆ. ಭಾರತದಲ್ಲಿ ಟೀಚರ್ ಟ್ರೇನಿಂಗಿಗೆ ರೂಲು ಮಾಡೋ ಎನ್‌ಸಿಟಿಇ ಅನ್ನೋ ಸಂಸ್ಥೆಯ 2014ರ ನಿಯಮದಲ್ಲಿ ಬಿ.ಎಡ್ ಸೇರೋಕೆ ಸೈನ್ಸ್, ಸೋಶಿಯಲ್ ಸೈನ್ಸ್, ಹ್ಯುಮ್ಯಾನಿಟೀಸ್ ಡಿಗ್ರಿಯವರಿಗೆ 50 ಪರ್ಸೆಂಟ್ ಸಾಕು ಅಂದಿದೆ, ಸೈನ್ಸ್ ಮತ್ತು ಮ್ಯಾಥ್ಸ್ ಇರೋ ಇಂಜಿನಿಯರಿಂಗ್ ಡಿಗ್ರಿಯವರಿಗೂ ಅವಕಾಶ ಇದೆ, ಅವರಿಗೆ 55 ಪರ್ಸೆಂಟ್ ಬೇಕು. ಆದ್ರೆ ಇಲ್ಲೊಂದು ಎಚ್ಚರಿಕೆ: ಬಿ.ಎಡ್ ಸೀಟ್ ಸಿಗೋದು ಬೇರೆ, ಆಮೇಲೆ ಹುದ್ದೆಗೆ ಅರ್ಹರಾಗೋದು ಬೇರೆ. ಕೆಲವು ಹುದ್ದೆಗಳಲ್ಲಿ "ಈ ವಿಷಯವನ್ನ ಡಿಗ್ರಿಯ ಎಲ್ಲಾ ವರ್ಷ ಓದಿರಬೇಕು" ಅಂತ ಇರುತ್ತೆ, ಅಲ್ಲಿ ನಾಲ್ಕು ಸೆಮಿಸ್ಟರ್ ಸಾಲಲ್ಲ. ಇಂಗ್ಲೆಂಡಲ್ಲಿ ಈ ಕೊರತೆ ತುಂಬೋಕೆ ಅಂತಲೇ ಒಂದು ಒಳ್ಳೇ ದಾರಿ ಮಾಡಿದ್ದಾರೆ, ಟ್ರೇನಿಂಗಿಗೆ ಸೇರೋ ಮುಂಚೆ 8 ವಾರದಿಂದ 28 ವಾರದವರೆಗೆ ಆ ವಿಷಯವನ್ನ ಮಾತ್ರ ಮತ್ತೆ ಓದಿಸೋ ಕೋರ್ಸು, ನಿಮಗೆಷ್ಟು ಕೊರತೆ ಇದೆಯೋ ಅಷ್ಟು ವಾರ. ಈ ಥರದ್ದು ಇಲ್ಲದ ಕಡೆ ಆ ವಿಷಯದಲ್ಲೇ ಇನ್ನೊಂದು ಡಿಗ್ರಿನೋ, ಬಿಡಿ ಪೇಪರ್‌ಗಳ ಕ್ರೆಡಿಟ್ಟೋ ಮಾಡ್ಕೋಬೇಕಾಗುತ್ತೆ. ಅದನ್ನೂ ಹುದ್ದೆಯ ಜಾಹೀರಾತು ಪಕ್ಕದಲ್ಲಿಟ್ಕೊಂಡೇ ತೀರ್ಮಾನ ಮಾಡಿ.

ದಾರಿಗಳು ಅಂತ ನೋಡಿದ್ರೆ ಮುಖ್ಯವಾಗಿ ಎರಡು. ಮೊದಲು ಓದಿ ಆಮೇಲೆ ಕೆಲಸಕ್ಕೆ ಹೋಗೋದು ಒಂದು, ಕೆಲಸಕ್ಕೆ ಸೇರ್ಕೊಂಡು ಜೊತೆಜೊತೆಗೇ ಟ್ರೇನಿಂಗ್ ಮಾಡೋದು ಇನ್ನೊಂದು. ಎರಡನೆಯದು ಶುರುವಾಗಿದ್ದೇ ಟೀಚರ್‌ಗಳ ಕೊರತೆಯಿಂದ. ಅಮೆರಿಕದಲ್ಲಿ ನ್ಯೂಜೆರ್ಸಿ ರಾಜ್ಯ 1980ರ ದಶಕದ ಮಧ್ಯದಲ್ಲಿ ಈ ಥರದ ಬದಲಿ ದಾರಿ ತೆಗೀತು, 1990ರಲ್ಲಿ ಟೀಚ್ ಫಾರ್ ಅಮೆರಿಕದ ಮೊದಲ ತಂಡ ಕ್ಲಾಸಿಗೆ ಹೋಯ್ತು, 2002ರಲ್ಲಿ ಬ್ರಿಟನ್ನಲ್ಲಿ ಟೀಚ್ ಫಸ್ಟ್ ಬಂತು. ಇವೆರಡೂ ಹೆಚ್ಚಾಗಿ ಹೊಸದಾಗಿ ಡಿಗ್ರಿ ಮುಗಿಸಿದವರಿಗೆ. ವಯಸ್ಸಾದ ಮೇಲೆ ಬರೋರಿಗೆ ಅಂತ ಲಂಡನ್ನಿನ ಪತ್ರಕರ್ತೆ ಲೂಸಿ ಕೆಲ್ಲವೇ ಇನ್ನೊಬ್ಬರ ಜೊತೆ ಸೇರಿ 2016ರಲ್ಲಿ ನೌ ಟೀಚ್ ಅನ್ನೋ ಸಂಸ್ಥೆ ಶುರು ಮಾಡಿದ್ರು, ಅವರೇ ಐವತ್ತು ದಾಟಿದ ಮೇಲೆ ಪತ್ರಿಕೆ ಕೆಲಸ ಬಿಟ್ಟು ಮ್ಯಾಥ್ಸ್ ಟೀಚರ್ ಆಗೋಕೆ ಹೊರಟವರು. ಜರ್ಮನಿಯಲ್ಲಿ ಹೀಗೆ ಪಕ್ಕದ ಬಾಗಿಲಿಂದ ಬರೋರಿಗೆ ಬೇರೆ ಹೆಸರುಗಳೇ ಇವೆ, ಟೀಚಿಂಗ್ ಡಿಗ್ರಿ ಇಲ್ಲದೇ ಇದ್ರೂ ಮಾಮೂಲಿ ತರಬೇತಿ ಅವಧಿ ಮುಗಿಸಿ ಬರೋರು ಕ್ವೆರ್‌ಐನ್‌ಸ್ಟೈಗರ್, ನೇರ ಕ್ಲಾಸಿಗೆ ಇಳಿದು ಜೊತೆಗೆ ಕಲಿಯೋರು ಝೈಟನ್‌ಐನ್‌ಸ್ಟೈಗರ್. ಬಾಗಿಲು ಇನ್ನೂ ತೆಗೀತಾನೇ ಇರುತ್ತೆ ಅನ್ಸುತ್ತೆ, ಯಾಕಂದ್ರೆ 2030ರ ಹೊತ್ತಿಗೆ ಜಗತ್ತಿಗೆ ಇನ್ನೂ 4.4 ಕೋಟಿ ಟೀಚರ್‌ಗಳು ಬೇಕು ಅಂತ ಯುನೆಸ್ಕೋ ಅಂದಾಜು. ಆದ್ರೆ ಕೊರತೆ ಎಲ್ಲಾ ವಿಷಯದಲ್ಲೂ ಒಂದೇ ಥರ ಇಲ್ಲ, ಮ್ಯಾಥ್ಸು, ಫಿಸಿಕ್ಸು, ಕಂಪ್ಯೂಟರ್, ವಿಶೇಷ ಅಗತ್ಯದ ಮಕ್ಕಳ ಶಿಕ್ಷಣ ಇಂಥ ಕಡೆ ಹೆಚ್ಚು, ಹಿಸ್ಟರಿಗೆ ಅಷ್ಟಿರಲ್ಲ.

ಯಾವ ದಾರಿ ಒಳ್ಳೇದು ಅಂತ ಕೇಳಿದ್ರೆ, ಮನೆ ಖರ್ಚು ಒಂದು ವರ್ಷ ತಡ್ಕೊಳ್ಳುತ್ತೆ ಅನ್ನೋರು ಮೊದಲು ಓದಿ ಆಮೇಲೆ ಕ್ಲಾಸಿಗೆ ಹೋಗಿ ಅಂತಲೇ ನಾನು ಹೇಳ್ತೀನಿ. ಕೆಲಸ ಮಾಡ್ತಾ ಕಲಿಯೋದು ಸಂಬಳದ ದೃಷ್ಟಿಯಿಂದ ಚೆನ್ನಾಗಿ ಕಾಣುತ್ತೆ, ಆದ್ರೆ ಅಲ್ಲಿ ನೀವು ಕಲಿಯೋ ಹೊತ್ತಲ್ಲಿ ಎದುರಿಗೆ ಕೂತಿರೋದು ನಿಜವಾದ ಮಕ್ಕಳು, ಆ ಮಕ್ಕಳಿಗೆ ಆ ವರ್ಷ ಇನ್ನೊಂದು ಸಲ ಬರಲ್ಲ. ಆ ದಾರಿನೇ ಹಿಡೀಬೇಕಾದ್ರೆ, ವಾರಕ್ಕೊಂದು ಸಲನಾದ್ರೂ ನಿಮ್ಮ ಕ್ಲಾಸಲ್ಲಿ ಹಿಂದೆ ಕೂತು ನೋಡಿ ತಿದ್ದೋ ಹಿರಿಯ ಟೀಚರ್ ಒಬ್ರನ್ನ ಸ್ಕೂಲು ಕೊಡುತ್ತಾ ಅಂತ ಮೊದಲೇ ಕೇಳಿ. ಬರೀ "ಎಲ್ರೂ ಹೆಲ್ಪ್ ಮಾಡ್ತಾರೆ" ಅಂದ್ರೆ ಯಾರೂ ಮಾಡಲ್ಲ ಅಂತ ಅರ್ಥ. ಟ್ರೇನಿಂಗೂ ಬೇಡ, ಲೈಸೆನ್ಸೂ ಬೇಡ, ನಾಳೆಯಿಂದ ಬನ್ನಿ ಅನ್ನೋ ಸ್ಕೂಲುಗಳೂ ಇರ್ತವೆ, ಅಲ್ಲಿ ಒಂದು ವರ್ಷ ಇದ್ದು ನಮಗಿದು ಹಿಡಿಸುತ್ತಾ ಅಂತ ನೋಡಬಹುದು, ಆದ್ರೆ ಆ ಅನುಭವವನ್ನ ಬೇರೆ ಕಡೆ ಲೆಕ್ಕಕ್ಕೆ ತಗೊಳ್ತಾರಾ ಅನ್ನೋದನ್ನ ಕೇಳ್ಕೊಂಡೇ ಹೋಗಿ.

ಕಾಗದದ ಕಥೆ ಇಷ್ಟು. ಈಗ ನನಗೆ ನಿಜವಾಗ್ಲೂ ಹೇಳ್ಬೇಕಾಗಿರೋದಕ್ಕೆ ಬರ್ತೀನಿ.

ನನ್ನ ಮೊದಲ ವರ್ಷ, ಆರನೇ ಕ್ಲಾಸು. ಮ್ಯಾಥ್ಸ್ ನನಗೆ ಭಯ ಇರಲಿಲ್ಲ, ಇಂಜಿನಿಯರಿಂಗ್ ಮ್ಯಾಥ್ಸ್ ಮಾಡಿದವಳಿಗೆ ಆರನೇ ಕ್ಲಾಸಿಂದು ಏನು ಮಹಾ ಅನ್ನೋ ಧೈರ್ಯ. ಒಬ್ಬ ಹುಡುಗನ ನೋಟ್‌ಬುಕ್ಕಲ್ಲಿ 52ರಿಂದ 27 ಕಳೆದು 35 ಅಂತ ಬರೆದಿತ್ತು. ನಾನು ಪಕ್ಕದಲ್ಲಿ ಕೂತು ದಶಕದಿಂದ ಸಾಲ ತಗೊಳ್ಳೋದನ್ನ ಮತ್ತೆ ಪೂರ್ತಿ ಹೇಳಿ ತೋರಿಸಿದೆ, "ಅರ್ಥ ಆಯ್ತಾ?" ಅಂದೆ, "ಆಯ್ತು ಮಿಸ್" ಅಂದ. ಇನ್ನೊಂದು ಕೊಟ್ಟೆ, 61ರಿಂದ 38. ಅವನು ಪೆನ್ಸಿಲ್ ಒತ್ತಿ ಹಿಡಿದು, ನಿಧಾನವಾಗಿ, ತುಂಬಾ ಶ್ರದ್ಧೆಯಿಂದ 37 ಅಂತ ಬರೆದ. ನಾನು ಇನ್ನೊಂದು ಸಲ ಹೇಳಿದೆ, ದನಿ ಸ್ವಲ್ಪ ಜೋರಾಯ್ತು, ಅವನು ಮುಖ ಚಿಕ್ಕದು ಮಾಡ್ಕೊಂಡ. ಬೆಲ್ ಹೊಡೀತು.

ಸ್ಟಾಫ್ ರೂಮಲ್ಲಿ ಒಬ್ಬರು ಹಿರಿಯ ಮಿಸ್ ಇದ್ರು, ಅವರಿಗೆ ಆ ನೋಟ್‌ಬುಕ್ ತೋರಿಸಿದೆ. ಅವರು ಎರಡೇ ಸೆಕೆಂಡ್ ನೋಡಿದ್ರು. "ಪಾಪ, ಅವನು ದೊಡ್ಡದರಿಂದ ಚಿಕ್ಕದು ಕಳೀತಿದ್ದಾನೆ ಕಣಮ್ಮ, ಎರಡರಿಂದ ಏಳು ಹೋಗಲ್ಲ ಅಂತ ಏಳರಿಂದ ಎರಡು ಕಳೆದಿದ್ದಾನೆ, ಯಾರೋ ಅವನಿಗೆ ಯಾವಾಗ್ಲೂ ದೊಡ್ಡದರಿಂದ ಚಿಕ್ಕದು ಕಳೀಬೇಕು ಅಂತ ಹೇಳಿಕೊಟ್ಟಿದ್ದಾರೆ." ನಾನು ಲೆಕ್ಕ ನೋಡ್ದೆ. ಐದರಲ್ಲಿ ಎರಡು ಹೋದ್ರೆ ಮೂರು, ಏಳರಲ್ಲಿ ಎರಡು ಹೋದ್ರೆ ಐದು, 35. ಆರರಲ್ಲಿ ಮೂರು ಹೋದ್ರೆ ಮೂರು, ಎಂಟರಲ್ಲಿ ಒಂದು ಹೋದ್ರೆ ಏಳು, 37. ಅವನು ತಪ್ಪು ಮಾಡ್ತಿರಲಿಲ್ಲ, ಒಂದು ನಿಯಮನ ಚಾಚೂ ತಪ್ಪದೆ ಪಾಲಿಸ್ತಿದ್ದ, ಆ ನಿಯಮ ತಪ್ಪಾಗಿತ್ತು. ನನಗೆ ಸರಿಯಾದ ಉತ್ತರ ಬರೋದು ಹೇಗೆ ಅಂತ ಗೊತ್ತಿತ್ತು, ಅವನ ಉತ್ತರ ಎಲ್ಲಿಂದ ಬಂತು ಅಂತ ಗೊತ್ತಿರಲಿಲ್ಲ. ನನ್ನ ನಾಲ್ಕು ಸೆಮಿಸ್ಟರ್ ಮ್ಯಾಥ್ಸಲ್ಲಿ ಅದನ್ನ ಯಾರೂ ಹೇಳ್ಕೊಟ್ಟಿರಲಿಲ್ಲ, ಮ್ಯಾಥ್ಸಲ್ಲಿ ಎಂ.ಎಸ್ಸಿ ಮಾಡಿದವರಿಗೂ ಹೇಳ್ಕೊಡಲ್ಲ.

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಇದು ಹೊಸ ವಿಷಯ ಅಲ್ಲ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಅನ್ನೋ ಇಬ್ಬರು ಸಂಶೋಧಕರು 1978ರಲ್ಲೇ ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನ ಇಟ್ಕೊಂಡು ಇದನ್ನ ತೋರಿಸಿದ್ರು, ಮಕ್ಕಳು ಎಷ್ಟೋ ಸಲ ಬಾಯಿಗೆ ಬಂದದ್ದು ಬರೆಯಲ್ಲ, ಒಳಗೊಂದು ತಪ್ಪು ವಿಧಾನ ಇರುತ್ತೆ, ಅದನ್ನ ಕಂಡುಹಿಡಿದ್ರೆ ಮುಂದಿನ ತಪ್ಪನ್ನ ಮೊದಲೇ ಹೇಳಬಹುದು ಅಂತ. ಲೀ ಶುಲ್ಮನ್ ಅನ್ನೋ ಶಿಕ್ಷಣ ತಜ್ಞರು 1986ರಲ್ಲಿ ಇಂಥ ತಿಳಿವಳಿಕೆಗೆ ಒಂದು ಹೆಸರನ್ನೇ ಕೊಟ್ರು. ಅವರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳೋದಾದ್ರೆ, ವಿಷಯ ಗೊತ್ತಿರೋದು ಒಂದು, ಪಾಠ ಮಾಡೋ ಸಾಮಾನ್ಯ ಕಲೆ ಇನ್ನೊಂದು, ಇವೆರಡರ ಮಧ್ಯೆ ಮೂರನೇದೊಂದಿದೆ: ಈ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಕೊಟ್ರೆ ಹಿಡಿಯುತ್ತೆ, ಯಾವ ಉದಾಹರಣೆ ಕೊಟ್ರೆ ಇನ್ನಷ್ಟು ಗೊಂದಲ ಆಗುತ್ತೆ ಅನ್ನೋದು. ಟೀಚರ್‌ನ ಸ್ವಂತ ಆಸ್ತಿ ಅಂದ್ರೆ ಈ ಮೂರನೇದು.

ಬೇರೆ ಡಿಗ್ರಿಯವರಿಗೆ ಇದರಲ್ಲಿ ಒಂದು ಒಳ್ಳೇ ಸುದ್ದಿನೂ ಇದೆ. ಡೇವಿಡ್ ಮಾಂಕ್ ಅನ್ನೋ ಸಂಶೋಧಕರು 1994ರಲ್ಲಿ ಅಮೆರಿಕದ ಹೈಸ್ಕೂಲ್ ಟೀಚರ್‌ಗಳನ್ನ ನೋಡಿ ಹೇಳಿದ್ದು, ಟೀಚರ್ ಕಾಲೇಜಲ್ಲಿ ಮ್ಯಾಥ್ಸ್ ಕೋರ್ಸ್ ಓದಿದ್ರೆ ಮಕ್ಕಳಿಗೆ ಉಪಯೋಗ ಆಗುತ್ತೆ, ಆದ್ರೆ ಸುಮಾರು ಐದು ಕೋರ್ಸ್ ದಾಟಿದ ಮೇಲೆ ಆ ಉಪಯೋಗ ಹೆಚ್ಚಾಗೋದು ಬಹಳ ಕಡಿಮೆ ಆಗ್ಬಿಡುತ್ತೆ ಅಂತ. ಅದೇ, ಹೀದರ್ ಹಿಲ್, ಬ್ರಯಾನ್ ರೋವನ್, ಡೆಬೊರಾ ಬಾಲ್ ಅನ್ನೋ ಸಂಶೋಧಕರು 2005ರಲ್ಲಿ ಒಂದನೇ ಮೂರನೇ ಕ್ಲಾಸುಗಳಲ್ಲಿ ನೋಡಿದಾಗ, ಪಾಠಕ್ಕೆ ಬೇಕಾದ ಈ ಥರದ ಮ್ಯಾಥ್ಸ್ ತಿಳಿವಳಿಕೆ ಟೀಚರಿಗೆ ಹೆಚ್ಚಿದ್ದಷ್ಟೂ ಮಕ್ಕಳ ಕಲಿಕೆ ಹೆಚ್ಚು ಮುಂದುವರಿದಿತ್ತು. ವಿಷಯ ಗೊತ್ತಿಲ್ದೇ ಇದ್ರೂ ನಡೆಯುತ್ತೆ ಅಂತ ಇದರರ್ಥ ಅಲ್ಲ, ಖಂಡಿತ ಅಲ್ಲ. ಶಾಲೆಯ ಮಟ್ಟದ ವಿಷಯವನ್ನ ಬುಡದಿಂದ ಗಟ್ಟಿ ಮಾಡ್ಕೊಂಡ್ರೆ ಆ ವಿಷಯದಲ್ಲೇ ದೊಡ್ಡ ಡಿಗ್ರಿ ಇರೋರಿಗೂ ನಿಮಗೂ ನಡುವೆ ಇರೋ ಅಂತರ ನೀವು ಹೆದರಿದಷ್ಟಿಲ್ಲ, ಮೂರನೇ ತಿಳಿವಳಿಕೆಯ ವಿಷಯದಲ್ಲಿ ಇಬ್ಬರೂ ಸೊನ್ನೆಯಿಂದಲೇ ಶುರು ಮಾಡೋದು.

ಅದನ್ನ ಕೆಲಸ ಸಿಗೋ ಮುಂಚೆನೇ ಶುರು ಮಾಡಬಹುದು. ನೀವು ಹೇಳ್ಕೊಡ್ಬೇಕು ಅಂದ್ಕೊಂಡಿರೋ ಕ್ಲಾಸಿನ ಪುಸ್ತಕ ತಗೊಳ್ಳಿ, ಅದರ ಹಿಂದಿನ ಕ್ಲಾಸಿನದ್ದು, ಮುಂದಿನ ಕ್ಲಾಸಿನದ್ದೂ ತಗೊಳ್ಳಿ. ಎಲ್ಲಾ ಲೆಕ್ಕ ಮಾಡಿ, ಹಾರಿಸಬೇಡಿ. ಒಂದೊಂದು ಲೆಕ್ಕಕ್ಕೂ ಉತ್ತರ ಬರೆದ ಮೇಲೆ ಪಕ್ಕದಲ್ಲಿ ಇನ್ನೊಂದು ಉತ್ತರ ಬರೀರಿ, ಇದನ್ನ ಒಂದು ಮಗು ತಪ್ಪು ಮಾಡಿದ್ರೆ ಏನಂತ ಬರೆಯುತ್ತೆ, ಯಾಕೆ ಅಂತ. ಮೊದಮೊದಲು ಏನೂ ಹೊಳೆಯಲ್ಲ, ಒಂದು ತಿಂಗಳಾದ ಮೇಲೆ ಹೊಳೆಯೋಕೆ ಶುರುವಾಗುತ್ತೆ. ಮುಂದಿನ ಕ್ಲಾಸಿನ ಪುಸ್ತಕ ಯಾಕೆ ಬೇಕು ಅಂದ್ರೆ, ಇವತ್ತು ನಾವು ಸುಲಭಕ್ಕೆ ಅಂತ ಹೇಳೋ ಮಾತು ನಾಳೆ ಮಗುವಿನ ಕಾಲಿಗೆ ಅಡ್ಡ ಬರ್ತದೆ. "ಚಿಕ್ಕದರಿಂದ ದೊಡ್ಡದು ಕಳೆಯೋಕಾಗಲ್ಲ" ಅನ್ನೋದು ಎರಡನೇ ಕ್ಲಾಸಲ್ಲಿ ಹೇಳೋಕೆ ಎಷ್ಟು ಸಲೀಸು, ಮೈನಸ್ ಸಂಖ್ಯೆ ಬಂದ ದಿನ ಅದೇ ಮಾತು ಸುಳ್ಳಾಗುತ್ತೆ.

ಇನ್ನೊಂದು ವಿಷಯ, ನಾವೆಲ್ಲ ಟೀಚರ್ ಕೆಲಸ ಗೊತ್ತು ಅಂತ ಅಂದ್ಕೊಂಡೇ ಬರ್ತೀವಿ. ಯಾಕಂದ್ರೆ ಬೇರೆ ಯಾವ ಕೆಲಸವನ್ನೂ ಇಷ್ಟು ಹತ್ತಿರದಿಂದ ಇಷ್ಟು ವರ್ಷ ನೋಡಿರಲ್ಲ. ಡ್ಯಾನ್ ಲಾರ್ಟಿ ಅನ್ನೋ ಸಮಾಜಶಾಸ್ತ್ರಜ್ಞರು 1975ರಲ್ಲಿ ಲೆಕ್ಕ ಹಾಕಿದ್ದು, ಹೈಸ್ಕೂಲ್ ಮುಗಿಯೋ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಟೀಚರ್‌ಗಳ ಎದುರು ಸುಮಾರು 13,000 ಗಂಟೆ ಕಳೆದಿರ್ತಾನೆ. ಆದ್ರೆ ಬೆಂಚಿನ ಮೇಲೆ ಕೂತು ನೋಡಿದ್ದು ಅರ್ಧ ಮಾತ್ರ. ಅವರು ಹಿಂದಿನ ರಾತ್ರಿ ಏನು ಯೋಚನೆ ಮಾಡಿದ್ರು, ಆ ಪ್ರಶ್ನೆನ ಅದೇ ಹುಡುಗಿಗೇ ಯಾಕೆ ಕೇಳಿದ್ರು, ಅಲ್ಲೇ ಯಾಕೆ ನಿಂತ್ರು ಅನ್ನೋದು ಬೆಂಚಿಂದ ಕಾಣಲ್ಲ. ಹಾಗಾಗಿ ಟ್ರೇನಿಂಗ್ ಇಲ್ಲದೇ ಬಂದವರು ತಮಗೆ ಪಾಠ ಮಾಡಿದವರ ಥರನೇ ಮಾಡ್ತಾರೆ, ಒಳ್ಳೇದನ್ನೂ ಕೆಟ್ಟದನ್ನೂ ಸೇರಿಸಿ.

ಕ್ಲಾಸ್ ಹಿಡಿಯೋದು ಅಂತೀವಲ್ಲ, ಹೊಸಬರಿಗೆ ಅತಿ ಹೆಚ್ಚು ಭಯ ಅದರದ್ದೇ. ಜೇಕಬ್ ಕೂನಿನ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ಹೊತ್ತಿಗೆ ಕ್ಲಾಸುಗಳ ವಿಡಿಯೋ ನೋಡಿ ನೋಡಿ ಕಂಡ್ಕೊಂಡಿದ್ದು ನನಗೆ ತುಂಬಾ ಉಪಯೋಗ ಆಗಿದೆ. ಗಲಾಟೆ ಆದ ಮೇಲೆ ಟೀಚರ್ ಹೇಗೆ ಬೈತಾರೆ ಅನ್ನೋದರಿಂದ ಹೆಚ್ಚೇನೂ ವ್ಯತ್ಯಾಸ ಆಗಿರಲಿಲ್ಲ, ಗಲಾಟೆ ಆಗೋ ಮುಂಚೆ ಏನು ಮಾಡ್ತಾರೆ ಅನ್ನೋದರಲ್ಲೇ ಎಲ್ಲಾ ಇತ್ತು. ಇವರಿಗೆ ಬೆನ್ನಲ್ಲೂ ಕಣ್ಣಿದೆ ಅಂತ ಮಕ್ಕಳಿಗೆ ಅನ್ನಿಸ್ಬೇಕು. ನಾನು ಮೊದಲ ಮೂರು ತಿಂಗಳು ಬೋರ್ಡ್ ಕಡೆ ಮುಖ ಮಾಡಿ ಪೂರ್ತಿ ಲೆಕ್ಕ ಬರೆದು ಆಮೇಲೆ ತಿರುಗ್ತಿದ್ದೆ, ಅಷ್ಟೊತ್ತಿಗೆ ಹಿಂದಿನ ಸಾಲು ಬೇರೆ ಲೋಕದಲ್ಲಿರ್ತಿತ್ತು. ಈಗ ಪಕ್ಕಕ್ಕೆ ನಿಂತು ಅರ್ಧ ಮೈ ಮಕ್ಕಳ ಕಡೆ ಇಟ್ಕೊಂಡು ಒಂದು ಸಾಲು ಬರೀತೀನಿ, ತಿರುಗಿ ಯಾರದ್ದಾದ್ರೂ ಹೆಸರು ಹೇಳಿ ಮುಂದಿನ ಸಾಲು ಕೇಳ್ತೀನಿ. ಇಷ್ಟೇ, ಆದ್ರೆ ಅರ್ಧ ಗಲಾಟೆ ಇದರಲ್ಲೇ ಹೋಯ್ತು.

ಪ್ರಶ್ನೆ ಕೇಳಿದ ಮೇಲೆ ಸುಮ್ನಿರೋದು ಇನ್ನೊಂದು. ಮೇರಿ ಬಡ್ ರೋ ಅನ್ನೋರು ನೂರಾರು ಕ್ಲಾಸುಗಳ ಧ್ವನಿಮುದ್ರಣ ಕೇಳಿ ನೋಡಿದ್ರೆ ಟೀಚರ್‌ಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯ್ತಿದ್ರು, ಅದನ್ನ ಮೂರು ಸೆಕೆಂಡಿಗೆ ಏರಿಸಿದ್ರೆ ಮಕ್ಕಳ ಉತ್ತರ ಉದ್ದ ಆಯ್ತು, ಯಾವತ್ತೂ ಬಾಯಿ ಬಿಡದ ಮಕ್ಕಳೂ ಮಾತಾಡಿದ್ರು. ಆಫೀಸ್ ಮೀಟಿಂಗಿಂದ ಬಂದವರಿಗೆ ಇದು ಕಷ್ಟ, ಅಲ್ಲಿ ಮೂರು ಸೆಕೆಂಡ್ ಮೌನ ಅಂದ್ರೆ ಏನೋ ಎಡವಟ್ಟಾಗಿದೆ ಅಂತ. ನಾನು ಕೈಯಲ್ಲಿ ಚಾಕ್ ಹಿಡ್ಕೊಂಡು ಮನಸ್ಸಲ್ಲೇ ಎಣಿಸ್ತಿದ್ದೆ.

ಹಳೇ ಕೆಲಸದಿಂದ ಏನು ಉಳಿಯುತ್ತೆ ಅಂತಲೂ ಕೇಳ್ತಾರೆ. ಉದಾಹರಣೆಗಳು ಉಳಿಯುತ್ತೆ. ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗ ಹೆಚ್ಚಾದ್ರೆ ಶಾಫ್ಟ್ ಬೇರಿಂಗಿಗೆ ಕೂರಲ್ಲ ಅಂತ ನಾನು ಹೇಳಿದಾಗ ದಶಮಾಂಶದ ಎರಡನೇ ಸ್ಥಾನ ಯಾಕೆ ಬೇಕು ಅನ್ನೋದನ್ನ ಮಕ್ಕಳು ಕಣ್ಣರಳಿಸಿ ಕೇಳ್ತಾರೆ. ಕೆಲಸವನ್ನ ಸಮಯಕ್ಕೆ ಮುಗಿಸೋ ಅಭ್ಯಾಸ, ಪೋಷಕರ ಜೊತೆ ವಾಸ್ತವ ಬಿಡದೇ ಮಾತಾಡೋದು, ಇದೂ ಉಳಿಯುತ್ತೆ. ಉಳಿಯದೇ ಇರೋದು ಅಂದ್ರೆ ಪರಿಣತಿಯ ಭಾವನೆ. ಹಳೇ ಕೆಲಸದಲ್ಲಿ ಎಲ್ರೂ ನಿಮ್ಮನ್ನ ಕೇಳ್ತಿದ್ರು, ಇಲ್ಲಿ ನಿಮಗಿಂತ ಹತ್ತು ವರ್ಷ ಚಿಕ್ಕವರು ನಿಮ್ಮ ಪಾಠ ನೋಡಿ "ಇಲ್ಲಿ ಸರಿಹೋಗ್ಲಿಲ್ಲ" ಅಂತಾರೆ, ಮತ್ತೆ ಅವರು ಹೇಳಿದ್ದು ಸರಿಯಾಗಿರುತ್ತೆ. ಸಂಬಳ ಹೆಚ್ಚಿನವರಿಗೆ ಇಳಿಯುತ್ತೆ, ಅದನ್ನ ಮನೆಯವರ ಜೊತೆ ಕೂತು ಮೊದಲೇ ಲೆಕ್ಕ ಹಾಕಿ. ದೇಹಕ್ಕೂ ಬದಲಾವಣೆ, ದಿನಕ್ಕೆ ಐದಾರು ಪೀರಿಯಡ್ ನಿಂತು ಮಾತಾಡಿದ್ರೆ ಮೊದಲ ತಿಂಗಳು ಸಂಜೆ ಹೊತ್ತಿಗೆ ಗಂಟಲೇ ಇರಲ್ಲ. ನಲವತ್ತು ನಿಮಿಷದ ಪಾಠಕ್ಕೆ ಮೊದಲ ವರ್ಷ ಎರಡು ಗಂಟೆ ತಯಾರಿ ಬೇಕಾಗುತ್ತೆ, ನನಗಂತೂ ಬೇಕಾಯ್ತು. ರಿಚರ್ಡ್ ಇಂಗರ್‌ಸೋಲ್ ಅನ್ನೋ ಸಂಶೋಧಕರ ಅಂದಾಜಲ್ಲಿ ಅಮೆರಿಕದ ಹೊಸ ಟೀಚರ್‌ಗಳಲ್ಲಿ ಶೇಕಡಾ 44ರಷ್ಟು ಜನ ಐದು ವರ್ಷದೊಳಗೆ ಈ ಕೆಲಸ ಬಿಡ್ತಾರೆ. ಅವರೆಲ್ಲ ಬೇರೆ ಡಿಗ್ರಿಯವರಲ್ಲ, ಟೀಚಿಂಗನ್ನೇ ಓದಿ ಬಂದವರೂ ಇದ್ದಾರೆ.

ಅದಕ್ಕೇ ರಾಜೀನಾಮೆ ಕೊಡೋ ಮುಂಚೆ ಎರಡು ಕೆಲಸ ಮಾಡಿ ಅಂತ ಕೇಳ್ಕೊಳ್ತೀನಿ. ಪರಿಚಯದವರ ಮೂಲಕ ಯಾವುದಾದ್ರೂ ಸ್ಕೂಲಲ್ಲಿ ಅನುಮತಿ ತಗೊಂಡು, ಮೊದಲ ಬೆಲ್ಲಿಂದ ಕೊನೇ ಬೆಲ್ ವರೆಗೆ ಒಂದು ಪೂರ್ತಿ ದಿನ ಒಬ್ಬ ಟೀಚರ್ ಹಿಂದೆನೇ ಇರಿ, ಅವರು ಊಟ ಎಷ್ಟು ನಿಮಿಷದಲ್ಲಿ ಮುಗಿಸ್ತಾರೆ ಅನ್ನೋದನ್ನೂ ನೋಡಿ. ಎರಡನೇದು, ಮೂವತ್ತು ಮಕ್ಕಳಿರೋ ಗುಂಪಿಗೆ, ಅದು ರಜಾ ಶಿಬಿರವೋ ಯಾವುದೋ ಸಂಸ್ಥೆಯ ಸಂಜೆ ಕ್ಲಾಸೋ ಆಗಿರಲಿ, ಹತ್ತು ಸಲನಾದ್ರೂ ಪಾಠ ಮಾಡಿ. ಮನೇಲಿ ಒಂದು ಮಗುವಿಗೆ ಹೇಳ್ಕೊಟ್ಟು ಚೆನ್ನಾಗಿ ಬಂತು ಅನ್ನೋದನ್ನ ಲೆಕ್ಕಕ್ಕೆ ಹಿಡೀಬೇಡಿ. ಒಂದು ಮಗುವಿನ ಮುಖ ನೋಡ್ಕೊಂಡು ಹೇಳ್ಕೊಡೋದಕ್ಕೂ, ಹತ್ತು ಜನಕ್ಕೆ ಆಗ್ಲೇ ಗೊತ್ತಿರೋದನ್ನ ಹತ್ತು ಜನಕ್ಕೆ ಅರ್ಧ ಗೊತ್ತಿರೋದನ್ನ ಇನ್ನು ಹತ್ತು ಜನಕ್ಕೆ ಏನೂ ಗೊತ್ತಿಲ್ಲದ್ದನ್ನ ಒಂದೇ ಹೊತ್ತಲ್ಲಿ ಹೇಳ್ಕೊಡೋದಕ್ಕೂ ಬಹಳ ವ್ಯತ್ಯಾಸ ಇದೆ. ಹತ್ತನೇ ಸಲ ಮುಗಿಸಿ ಹೊರಗೆ ಬಂದಾಗ ಸುಸ್ತಿನ ಜೊತೆಗೆ "ಆ ಹುಡುಗಿಗೆ ಯಾಕೆ ಅರ್ಥ ಆಗ್ಲಿಲ್ಲ" ಅನ್ನೋ ಯೋಚನೆ ದಾರಿಯುದ್ದಕ್ಕೂ ಬಂದ್ರೆ, ಫಾರಂ ತುಂಬೋಕೆ ಶುರು ಮಾಡಿ.

ಇಂಟರ್‌ವ್ಯೂನಲ್ಲಿ "ಹಳೇ ಕೆಲಸ ಯಾಕೆ ಬಿಟ್ರಿ" ಅಂತ ಕೇಳೇ ಕೇಳ್ತಾರೆ, ಇದ್ದದ್ದು ಇದ್ದ ಹಾಗೆ ಹೇಳಿ, ಆದ್ರೆ ಚಿಕ್ಕದಾಗಿ ಹೇಳಿ. ಮಾರ್ಕ್ಸ್ ಕಾರ್ಡಿಂದ ಮಾಡಿದ ಆ ವಿಷಯಗಳ ಪಟ್ಟಿನ ನೀಟಾಗಿ ಬರೆದು ಜೊತೆಗೆ ತಗೊಂಡು ಹೋಗಿ, ಸಂಬಂಧ ಏನು ಅಂತ ಅವರು ಕೇಳೋ ಮುಂಚೆನೇ ಮೇಜಿನ ಮೇಲಿಡಿ. ಡೆಮೊ ಕ್ಲಾಸಿಗೆ ದೊಡ್ಡ ಪಾಠ ಆರಿಸ್ಕೋಬೇಡಿ, ಹದಿನೈದು ನಿಮಿಷಕ್ಕೆ ಒಂದೇ ವಿಷಯ, ಅದರಲ್ಲಿ ಮಕ್ಕಳು ಮಾಡೋ ಒಂದು ತಪ್ಪು. ಆಮೇಲೆ ನಾನು ಸ್ಕೂಲ್ ಬದಲಾಯಿಸೋಕೆ ಇನ್ನೊಂದು ಕಡೆ ಡೆಮೊ ಕೊಟ್ಟಾಗ ಬೋರ್ಡ್ ಮೇಲೆ ಮೊದಲು ಬರೆದಿದ್ದೇ ಆ ಹುಡುಗನ 35. ಇದು ಸರಿನಾ ಅಂತ ಕೇಳ್ದೆ, ಇಲ್ಲ ಅಂದ್ರು, ಇದನ್ನ ಬರೆದವನು ಏನು ಯೋಚನೆ ಮಾಡಿರ್ಬಹುದು ಅಂತ ಕೇಳಿ ಸುಮ್ನಾದೆ. ಒಂದು, ಎರಡು, ಮೂರು. ಹಿಂದಿನ ಬೆಂಚಿಂದ ಒಬ್ಬಳು ನಿಧಾನಕ್ಕೆ ಕೈ ಎತ್ತಿದ್ಲು, "ಮಿಸ್, ಅವನು ಕೆಳಗಿಂದ ಮೇಲಿಂದು ಕಳೆದಿದ್ದಾನೆ."